ಪೊಟ್ಟಳಕೆರೆಯಿಂದ ಕುರುವತ್ತಿಗೆ: ಆಹವಮಲ್ಲ ಸೋಮೇಶ್ವರನ ಕಥೆ

ಹೈದರಾಬಾದಿನ ಉತ್ತರ ಅಂಚಿನಲ್ಲಿರುವ ಜೀಡಿಮೆಟ್ಲಾ ಎಂದರೆ ಕಾರ್ಖಾನೆಗಳ ಪ್ರದೇಶ. ಔಷಧ, ರಾಸಾಯನಿಕ, ಯಂತ್ರಭಾಗ, ಹೀಗೆ ಒಂದಲ್ಲ ಒಂದು ಕೆಲಸ ಹುಡುಕಿಕೊಂಡು ಬಂದವರ ಊರು ಅದು. ಅಂಥವರಲ್ಲಿ ಬೀದರ, ಕಲಬುರಗಿ, ಯಾದಗಿರಿ ಕಡೆಯವರೂ ಇದ್ದಾರೆ. ಹಬ್ಬಕ್ಕೆ ಬೀದರ ಸೀಮೆಗೆ ಹೊರಟವರು ನಗರವನ್ನು ಬಳಸಿಕೊಂಡು ಪಶ್ಚಿಮಕ್ಕೆ ಬಂದು ಮುಂಬಯಿ ಹೆದ್ದಾರಿ ಹಿಡಿಯುತ್ತಾರೆ. ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್, ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಬಸ್ಸಿನ ಕಿಟಕಿಯಿಂದ ನೋಡಿದರೆ ಪಟಾನ್‌ಚೆರು ಕೂಡ ಇನ್ನೊಂದು ಕೈಗಾರಿಕಾ ಪಟ್ಟಣ, ಅಷ್ಟೆ.

ಆದರೆ ಶಾಸನಗಳಲ್ಲಿ ಬರುವ ಪೊಟ್ಟಳಕೆರೆ ಈ ಪಟಾನ್‌ಚೆರುವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸಾವಿರ ವರ್ಷಗಳ ಹಿಂದೆ ಕನ್ನಡ ನಾಡನ್ನಾಳಿದ ಚಾಲುಕ್ಯ ಚಕ್ರವರ್ತಿಗಳ ನೆಲೆವೀಡು ಇಲ್ಲಿತ್ತು. ದೇವರ ದಾಸಿಮಯ್ಯನವರ ಕಥೆಯಲ್ಲಿ ಬರುವ ರಾಣಿ ಸುಗ್ಗಲೆ ಇದ್ದದ್ದು ಇದೇ ಪೊಟ್ಟಳಕೆರೆಯಲ್ಲಿ ಎಂಬುದು ಶರಣ ಪರಂಪರೆಯ ನಂಬಿಕೆ. ಹೈದರಾಬಾದಿನಿಂದ ಪೂರ್ವಕ್ಕೆ ಹೋದರೆ ಆಲೇರಿನ ಹತ್ತಿರ ಕೊಲನುಪಾಕ ಸಿಗುತ್ತದೆ. ಅದೇ ಅಂದಿನ ಕೊಳ್ಳಿಪಾಕೆ. ಜೈನರಿಗೆ ಅದು ದೊಡ್ಡ ತೀರ್ಥ. ವೀರಶೈವರಿಗೆ ರೇಣುಕಾಚಾರ್ಯರು ಸೋಮೇಶ್ವರ ಲಿಂಗದಿಂದ ಉದ್ಭವಿಸಿದ ಜಾಗ. ಶಾಸನ ಓದುವವರಿಗೆ ಕನ್ನಡ ಕಲ್ಲುಗಳ ಊರು. ಒಂದು ಕಡೆ ಪೊಟ್ಟಳಕೆರೆ, ಇನ್ನೊಂದು ಕಡೆ ಕೊಳ್ಳಿಪಾಕೆ. ಇವೆರಡರ ನಡುವಿನ ಈ ಬಯಲು ಹನ್ನೊಂದನೆಯ ಶತಮಾನದಲ್ಲಿ ಗಡಿಯಾಚೆಯ ಪರನಾಡಾಗಿರಲಿಲ್ಲ, ಸಾಮ್ರಾಜ್ಯದ ನಡುಮನೆಯಾಗಿತ್ತು.

ಈ ಸಾಮ್ರಾಜ್ಯವನ್ನು 25 ವರ್ಷ ಕುದುರೆಯ ಮೇಲೆ ಕೂತೇ ಆಳಿದವನು ಒಂದನೆಯ ಸೋಮೇಶ್ವರ. ಅವನ ಬಿರುದು ಆಹವಮಲ್ಲ. ಆಹವ ಎಂದರೆ ಯುದ್ಧ. ತ್ರೈಲೋಕ್ಯಮಲ್ಲ ಎಂಬುದು ಇನ್ನೊಂದು ಬಿರುದು. ಅವನ ರಾಜಧಾನಿಗೆ ಬೆಂಕಿ ಬಿತ್ತು, ರಾಣಿಯರು ಸೆರೆಯಾದರು, ತಮ್ಮ ರಣದಲ್ಲಿ ಮಡಿದ ಎಂದು ವೈರಿಯ ಶಾಸನಗಳು ಹೇಳುತ್ತವೆ. ಹಾಗಿದ್ದೂ ಅವನು ಸತ್ತಾಗ ಸಾಮ್ರಾಜ್ಯದ ತೆಂಕಣ ಗಡಿ ತುಂಗಭದ್ರೆಯಲ್ಲೇ ಇತ್ತು. ಸೋತೂ ಸೋಲದ ಈ ಅರಸನನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಅಪ್ಪ ಬಿಟ್ಟುಹೋದದ್ದು

973ರಲ್ಲಿ ತೈಲಪ ಎಂಬ ದಂಡಾಳು ಸಾಮಂತ ತನ್ನ ಒಡೆಯರಾದ ರಾಷ್ಟ್ರಕೂಟರನ್ನು ಕಿತ್ತೊಗೆದು ಮಾನ್ಯಖೇಟವನ್ನು ಹಿಡಿದ. ಬಾದಾಮಿ ಚಾಲುಕ್ಯರ ವಂಶದವನು ತಾನು ಎಂದು ಹೇಳಿಕೊಂಡು ವರಾಹ ಲಾಂಛನವನ್ನು ಮತ್ತೆ ಮೇಲೆತ್ತಿದ. ಅವನಿಂದ ಶುರುವಾದ ಮನೆತನವನ್ನು ನಾವು ಕಲ್ಯಾಣದ ಚಾಲುಕ್ಯರು ಎನ್ನುತ್ತೇವೆ. ಆದರೆ ಆಗ ಅವರಿಗೆ ಕಲ್ಯಾಣವಿನ್ನೂ ರಾಜಧಾನಿಯಾಗಿರಲಿಲ್ಲ. ಅರಸ ಎಲ್ಲಿ ಬೀಡುಬಿಟ್ಟನೋ ಅದೇ ನೆಲೆವೀಡು. ಸೋಮೇಶ್ವರನ ತಂದೆ ಜಯಸಿಂಹ (1015ರಿಂದ ಸುಮಾರು 1042) ಪೊಟ್ಟಳಕೆರೆ, ಕೊಳ್ಳಿಪಾಕೆ, ಏತಗಿರಿ ಎಂದು ಹಲವು ನೆಲೆವೀಡುಗಳಿಂದ ಆಳಿದ. ಅವನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನೇ ಕನ್ನಡದ ಪಂಚತಂತ್ರವನ್ನು ಬರೆದವನು.

ಮಗನಿಗೆ ಸಿಂಹಾಸನದ ಜೊತೆಗೆ ಒಂದು ಜಗಳವೂ ಆಸ್ತಿಯಾಗಿ ಬಂತು. ಆ ಜಗಳದ ಹೆಸರು ವೇಂಗಿ.

ವೇಂಗಿ ಎಂದರೆ ಕೃಷ್ಣಾ, ಗೋದಾವರಿಗಳ ಮುಖಜ ಭೂಮಿ. ಭತ್ತದ ಕಣಜ, ಬಂಗಾಳ ಕೊಲ್ಲಿಯ ಬಂದರುಗಳ ಹಿನ್ನಾಡು. ಅಲ್ಲಿ ಆಳುತ್ತಿದ್ದವರು ಪೂರ್ವ ಚಾಲುಕ್ಯರು, ಅಂದರೆ ರಕ್ತದಲ್ಲಿ ದಾಯಾದಿಗಳು. ಆದರೆ ಬೀಗತನ ಬೆಳೆದದ್ದು ತಂಜಾವೂರಿನ ಚೋಳರೊಡನೆ. ವೇಂಗಿಯ ರಾಜರಾಜ ನರೇಂದ್ರನ ತಾಯಿ ಕುಂದವೈ ರಾಜರಾಜ ಚೋಳನ ಮಗಳು. ಹೆಂಡತಿ ಅಮ್ಮಂಗದೇವಿ ರಾಜೇಂದ್ರ ಚೋಳನ ಮಗಳು. ಚೋಳರಿಗೆ ವೇಂಗಿ ಎಂದರೆ ಮಗಳನ್ನು ಕೊಟ್ಟ ಮನೆ. ಚಾಲುಕ್ಯರಿಗೆ ಅದು ಮನೆಯ ಹಿತ್ತಿಲ ಬಾಗಿಲು. ಅಲ್ಲಿ ಚೋಳರ ಪಡೆ ನಿಂತರೆ ಕೊಳ್ಳಿಪಾಕೆಗೆ ದಾರಿ ತೆರೆದಂತೆ. ಕೊಳ್ಳಿಪಾಕೆ ಬಿದ್ದರೆ ಪೊಟ್ಟಳಕೆರೆಗೆ ತಡೆಯಿಲ್ಲ. ತಂದೆಯ ಕಾಲದಲ್ಲೇ ರಾಜೇಂದ್ರ ಚೋಳ ಕೊಳ್ಳಿಪಾಕೆಯನ್ನು ಗೆದ್ದದ್ದಾಗಿ ತನ್ನ ಪ್ರಶಸ್ತಿಯಲ್ಲಿ ಕೆತ್ತಿಸಿಕೊಂಡಿದ್ದ.

ಸೋಮೇಶ್ವರ ರಾಜಧಾನಿಯನ್ನು ಪಶ್ಚಿಮಕ್ಕೆ, ಕಲ್ಯಾಣಕ್ಕೆ ಸರಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವನ ಮಗನ ಆಸ್ಥಾನದಲ್ಲಿದ್ದ ಕಾಶ್ಮೀರದ ಕವಿ ಬಿಲ್ಹಣ, ಲೋಕದ ಎಲ್ಲ ನಗರಗಳನ್ನೂ ಮೀರಿಸುವ ಊರನ್ನು ಆಹವಮಲ್ಲ ಕಟ್ಟಿಸಿದ ಎಂದು ಹೊಗಳುತ್ತಾನೆ. ಕವಿಯ ಅಲಂಕಾರವನ್ನು ಬದಿಗಿಟ್ಟರೂ ದಂಡನಾಯಕನ ಲೆಕ್ಕಾಚಾರ ಕಾಣುತ್ತದೆ. ವೇಂಗಿಯ ಕಡೆಯಿಂದ ಬರುವ ಶತ್ರುವಿಗೆ ಕಲ್ಯಾಣ ಇನ್ನಷ್ಟು ದೂರ.

ಸುಟ್ಟ ಊರು, ಹೊತ್ತೊಯ್ದ ಬಾಗಿಲು ಕಾಯುವವನು

ದೂರ ಸಾಕಾಗಲಿಲ್ಲ. 1044ರ ಹೊತ್ತಿಗೆ ರಾಜೇಂದ್ರನ ಮಗ ರಾಜಾಧಿರಾಜ ಚೋಳ ದಂಡೆತ್ತಿ ಬಂದ. ಚೋಳ ಶಾಸನಗಳ ಪ್ರಕಾರ ಕೊಳ್ಳಿಪಾಕೆಗೆ ಬೆಂಕಿ ಬಿತ್ತು. ಕಂಪ್ಲಿಯಲ್ಲಿದ್ದ ಚಾಲುಕ್ಯರ ಅರಮನೆ ನೆಲಸಮವಾಯಿತು. ಕೊನೆಗೆ ಕಲ್ಯಾಣವೂ ಸೂರೆಯಾಯಿತು. ಸೋಮೇಶ್ವರ ಕಳಿಸಿದ ದೂತರಲ್ಲಿ ಒಬ್ಬನಿಗೆ ಹೆಣ್ಣುಡುಗೆ ತೊಡಿಸಿ, ಇನ್ನೊಬ್ಬನ ತಲೆಯಲ್ಲಿ ಐದು ಜುಟ್ಟು ಬಿಡಿಸಿ, 'ಆಹವಮಲ್ಲಿ', 'ಆಹವಮಲ್ಲ' ಎಂದು ಹೆಸರಿಟ್ಟು ಹಿಂದಕ್ಕೆ ಅಟ್ಟಿದರಂತೆ. ದೂತನನ್ನು ಕೊಲ್ಲಬಾರದು ಎಂಬ ನೀತಿಯನ್ನು ಅಕ್ಷರಶಃ ಪಾಲಿಸಿ ಅದರ ಮರ್ಯಾದೆಯನ್ನು ಮಣ್ಣುಪಾಲು ಮಾಡಿದ ರೀತಿ ಇದು.

ಈ ದಾಳಿಗೆ ಕಲ್ಲಿನ ಸಾಕ್ಷಿಯೇ ಇದೆ. ಕಲ್ಯಾಣದಿಂದ ಹೊತ್ತೊಯ್ದ ಒಂದು ದ್ವಾರಪಾಲಕ ಮೂರ್ತಿ ಕುಂಭಕೋಣದ ಬಳಿಯ ದಾರಾಸುರದ ಗುಡಿಯಲ್ಲಿತ್ತು. ಈಗ ಅದು ತಂಜಾವೂರಿನ ವಸ್ತುಸಂಗ್ರಹಾಲಯದಲ್ಲಿದೆ. ವಿಜಯರಾಜೇಂದ್ರದೇವರು ಕಲ್ಯಾಣಪುರವನ್ನು ಸುಟ್ಟು ತಂದ ದ್ವಾರಪಾಲಕ ಎಂಬ ಅರ್ಥದ ತಮಿಳು ಬರಹ ಅದರ ಪೀಠದ ಮೇಲಿದೆ. ಚಾಲುಕ್ಯ ಶಿಲ್ಪಿಯ ಉಳಿಯಿಂದ ಮೂಡಿ, ಚೋಳ ಲಿಪಿಕಾರನ ಉಳಿಯಿಂದ ಹೆಸರು ಪಡೆದ ಕಲ್ಲು. ಬಾಗಿಲು ಕಾಯಬೇಕಾದವನೇ ಸೆರೆಹೋದ ಮೇಲೆ ಊರಿನ ಗತಿ ಏನಾಗಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ.

ಹೀಗಿದ್ದರೂ ಹತ್ತು ವರ್ಷ ಕಳೆಯುವುದರೊಳಗೆ ಚಿತ್ರ ಬದಲಾಗಿತ್ತು. 1053ರ ಹೊತ್ತಿಗೆ ಬೆಳ್ವೊಲ, ಪುಲಿಗೆರೆ ನಾಡುಗಳನ್ನು ಆಳುತ್ತಿದ್ದ ಹಿರಿಯ ಮಗ ಇಮ್ಮಡಿ ಸೋಮೇಶ್ವರನಿಗೆ 'ವೇಂಗೀಪುರವರೇಶ್ವರ' ಎಂಬ ಬಿರುದಿದೆ. ವೇಂಗಿ ಮತ್ತೆ ಕಲ್ಯಾಣದ ಪ್ರಭಾವಕ್ಕೆ ಬಂದಿತ್ತು ಎಂದರ್ಥ. ಅದೇ ಸುಮಾರಿಗೆ ರಾಜರಾಜ ನರೇಂದ್ರನ ನಂದಂಪೂಡಿ ತಾಮ್ರಶಾಸನದಲ್ಲಿ ದಾನ ಪಡೆಯುವವನು ನಾರಾಯಣಭಟ್ಟ. ಸಂಸ್ಕೃತ, ಕನ್ನಡ, ಪ್ರಾಕೃತಗಳಲ್ಲಿ ಬಲ್ಲಿದನಾದ ಕವಿ. ನನ್ನಯ ತೆಲುಗಿನಲ್ಲಿ ಮಹಾಭಾರತವನ್ನು ಬರೆಯತೊಡಗಿದಾಗ ನೆರವಿಗೆ ನಿಂತವನು ಇವನೇ. ದಂಡು ಹೋದ ದಾರಿಯಲ್ಲೇ ಪದ್ಯವೂ ಹೋಯಿತು. ಕನ್ನಡ, ತೆಲುಗುಗಳ ಹಳೆಯ ಒಡನಾಟಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೊಪ್ಪಂ, 1054

ವೇಂಗಿ ಕೈತಪ್ಪಿದ್ದನ್ನು ಚೋಳರು ಸುಮ್ಮನೆ ನೋಡುತ್ತ ಕೂರಲಿಲ್ಲ. 1054ರಲ್ಲಿ ರಾಜಾಧಿರಾಜ ಮತ್ತೆ ಬಂದ, ಜೊತೆಗೆ ತಮ್ಮ ರಾಜೇಂದ್ರ. ಎರಡೂ ಸೇನೆಗಳು ಕೊಪ್ಪಂ ಎಂಬಲ್ಲಿ ಎದುರಾದವು. ಈ ಊರು ಇಂದಿನ ಕೊಪ್ಪಳವೆಂದು ಕೆಲವರು, ಕೃಷ್ಣಾ ತೀರದ ಖಿದ್ರಾಪುರವೆಂದು ಕೆಲವರು ಹೇಳುತ್ತಾರೆ.

ಚಾಲುಕ್ಯ ಬಿಲ್ಲಾಳುಗಳು ಗುರಿಯಿಟ್ಟದ್ದು ಚೋಳ ಚಕ್ರವರ್ತಿ ಕೂತ ಆನೆಗೆ. ರಾಜಾಧಿರಾಜ ಆನೆಯ ಮೇಲೆಯೇ ಸತ್ತ. ಮುಂದೆ ಅವನ ಮನೆತನದ ಶಾಸನಗಳು ಅವನನ್ನು 'ಆನೆಯ ಮೇಲೆ ಮಡಿದ ದೇವರು' ಎಂದೇ ಕರೆದವು. ದೊರೆ ಬಿದ್ದೊಡನೆ ಚೋಳ ಪಡೆ ಚದುರತೊಡಗಿತು. ಆಗ ತಮ್ಮ ರಾಜೇಂದ್ರ ಮುಂದೆ ಬಂದು, ಬಾಣಗಳ ಮಳೆಯನ್ನು ಮೈಮೇಲೆಳೆದುಕೊಂಡು, ಓಡುತ್ತಿದ್ದವರನ್ನು ನಿಲ್ಲಿಸಿ, ರಣಭೂಮಿಯಲ್ಲೇ ಪಟ್ಟಾಭಿಷೇಕ ಮಾಡಿಸಿಕೊಂಡ. ಆನೆ, ಕುದುರೆ, ಒಂಟೆಗಳ ಜೊತೆಗೆ ಆಹವಮಲ್ಲನ ರಾಣಿವಾಸದ ಸ್ತ್ರೀಯರನ್ನೂ ಸೆರೆಹಿಡಿದೆವೆಂದು ಚೋಳ ಶಾಸನಗಳು ಹೆಸರು ಸಮೇತ ಹೇಳುತ್ತವೆ. ಕೊಲ್ಲಾಪುರದಲ್ಲಿ ಜಯಸ್ತಂಭ ನೆಟ್ಟೆವು ಎಂದೂ ಹೇಳುತ್ತವೆ.

ಹಾಗಾದರೆ ಗೆದ್ದವರು ಯಾರು? ಚೋಳ ಕಲ್ಲನ್ನು ಓದಿದರೆ ಚೋಳರು. ಗದಗ ಸೀಮೆಯ ಗಾವರವಾಡದ ಕಲ್ಲನ್ನು ಓದಿದರೆ ಬೇರೆಯದೇ ಕಥೆ. ಅಣ್ಣಿಗೇರಿಯ ಜೈನ ಬಸದಿಗೆ ಸಂಬಂಧಿಸಿದ 1071ರ ಸುಮಾರಿನ ಆ ಶಾಸನದಲ್ಲಿ ಬೆಳ್ವೊಲ ನಾಡಿನ ನೋವು ದಾಖಲಾಗಿದೆ. ಚೋಳ ಬಂದು, ಗಂಗ ಪೆರ್ಮಾಡಿ ಕಟ್ಟಿಸಿದ್ದ ಬಸದಿಗಳನ್ನು ಸುಟ್ಟ. ಆ ಪಾಪಕ್ಕೆ ತ್ರೈಲೋಕ್ಯಮಲ್ಲನಿಗೆ ಯುದ್ಧದಲ್ಲಿ ತಲೆಯನ್ನು ಒಪ್ಪಿಸಿದ ಎಂಬುದು ಅದರ ಸಾರ. ಸುಟ್ಟ ಬಸದಿಯನ್ನು ಮತ್ತೆ ಎತ್ತಿ ನಿಲ್ಲಿಸಲು ಮಹಾಮಂಡಲೇಶ್ವರ ಲಕ್ಷ್ಮನ ಕಾಲದವರೆಗೆ ಕಾಯಬೇಕಾಯಿತು. ಜಯಸ್ತಂಭಗಳು ಅರಸರ ಲೆಕ್ಕ. ಸುಟ್ಟ ಬಸದಿ ಊರಿನವರ ಲೆಕ್ಕ. ಎರಡನ್ನೂ ಒಟ್ಟಿಗಿಟ್ಟು ಓದಿದಾಗಲೇ ಯುದ್ಧದ ನಿಜವಾದ ಬೆಲೆ ತಿಳಿಯುವುದು.

ಉತ್ತರದಲ್ಲಿ ಬೆಂಕಿ ಹಚ್ಚಿದವರು ಚಾಲುಕ್ಯರೇ ಎಂಬುದನ್ನೂ ಮರೆಯಬಾರದು. ಮಾಳವದ ಪರಮಾರ ಭೋಜನ ಧಾರಾನಗರಿಯನ್ನು ಆಹವಮಲ್ಲನ ದಂಡನಾಯಕರು ಸೂರೆಮಾಡಿದರು. ವಿದ್ಯೆಗೂ ಗ್ರಂಥಗಳಿಗೂ ಹೆಸರಾದ ಭೋಜನ ಊರು ಅದು. ಕಲ್ಯಾಣಕ್ಕೆ ಆದದ್ದೇ ಧಾರೆಗೂ ಆಯಿತು. ಕೆಲವೇ ವರ್ಷಗಳಲ್ಲಿ ಭೋಜ ಸತ್ತು ಅವನ ನಾಡನ್ನು ಕಲಚುರಿಗಳೂ ಗುಜರಾತಿನ ಚೌಲುಕ್ಯರೂ ಹಂಚಿಕೊಳ್ಳಲು ಹೊರಟಾಗ, ಪರಮಾರರ ಜಯಸಿಂಹ ಸಹಾಯ ಕೇಳಿದ್ದು ಇದೇ ಸೋಮೇಶ್ವರನನ್ನು. ಅವನೂ ಮಗ ವಿಕ್ರಮಾದಿತ್ಯನನ್ನು ಕಳಿಸಿ ಜಯಸಿಂಹನನ್ನು ಗದ್ದುಗೆಯ ಮೇಲೆ ಕೂರಿಸಿದ. ನಿನ್ನೆಯ ವೈರಿ ಇಂದಿನ ತಡೆಗೋಡೆ. ಸಿಪಾಯಿ ಅರಸನ ರಾಜನೀತಿಯಲ್ಲಿ ಹಗೆತನಕ್ಕೂ ಒಂದು ಗಡುವು ಇರುತ್ತಿತ್ತು.

ಬಿದ್ದ ಮನೆ ಮತ್ತೆ ಎದ್ದದ್ದು ಹೇಗೆ?

ಎರಡು ಮೂರು ಸಲ ರಾಜಧಾನಿಯವರೆಗೆ ಶತ್ರು ನುಗ್ಗಿದರೂ ಸಾಮ್ರಾಜ್ಯ ಯಾಕೆ ಕುಸಿಯಲಿಲ್ಲ? ಉತ್ತರ ಕಲ್ಯಾಣದ ಕೋಟೆಯಲ್ಲಿಲ್ಲ, ಊರೂರಿನ ಕಲ್ಲುಗಳಲ್ಲಿದೆ.

ಮೊದಲನೆಯದು, ಅಧಿಕಾರ ಒಬ್ಬನ ಕೈಯಲ್ಲೇ ಇರಲಿಲ್ಲ. ಸೋದರತ್ತೆ ಅಕ್ಕಾದೇವಿ ಕಿಸುಕಾಡು ಮುಂತಾದ ನಾಡುಗಳನ್ನು ಆಳುತ್ತಿದ್ದಳು. 1047ರಲ್ಲಿ ಆಕೆ ಗೋಕಾಗೆಯ, ಅಂದರೆ ಇಂದಿನ ಗೋಕಾಕದ ಕೋಟೆಗೆ ಸ್ವತಃ ಮುತ್ತಿಗೆ ಹಾಕಿ ಕೂತಿದ್ದಳು. ಶಾಸನಗಳು ಆಕೆಯನ್ನು ರಣದಲ್ಲಿ ಭೈರವಿ ಎನ್ನುತ್ತವೆ. ರಾಣಿ ಮೈಲಲದೇವಿ ಬನವಾಸಿ ನಾಡಿನ ಆಡಳಿತ ನೋಡಿಕೊಂಡಳು. ಇನ್ನೊಬ್ಬ ರಾಣಿ ಕೇತಲದೇವಿ ಪೊನ್ನವಾಡದ ಒಡತಿ. ಗಂಡುಮಕ್ಕಳಿಗೂ ಒಂದೊಂದು ನಾಡು. ಕಲ್ಯಾಣ ಸುಟ್ಟರೂ ಬನವಾಸಿಯ ಸುಂಕ ನಿಲ್ಲುತ್ತಿರಲಿಲ್ಲ. ಕಿಸುಕಾಡಿನ ಪಡೆ ಕರಗುತ್ತಿರಲಿಲ್ಲ.

ಎರಡನೆಯದು, ಸಾಮಂತರು. ಹೊಯ್ಸಳರು, ದೇವಗಿರಿಯ ಕಡೆಯ ಸೇವುಣರು, ಹಾನಗಲ್ಲಿನ ಕದಂಬರು ಎಲ್ಲರೂ ಕಲ್ಯಾಣದ ಕೈಕೆಳಗಿನವರು. ಸೋಮೇಶ್ವರನ ಒಬ್ಬ ರಾಣಿಯ ಹೆಸರೇ ಹೊಯ್ಸಳದೇವಿ. ತೆಲಂಗಾಣದ ಕಡೆ ಕಾಕತೀಯರ ಮೊದಲನೆಯ ಪ್ರೋಲನ ದಂಡಸೇವೆಗೆ ಮೆಚ್ಚಿ ಅನುಮಕೊಂಡ ನಾಡನ್ನು ಅವನ ವಂಶಕ್ಕೇ ಕೊಟ್ಟವನು ಇವನು. ಮುಂದೆ ಓರುಗಲ್ಲಿನಲ್ಲಿ ದೊಡ್ಡ ರಾಜ್ಯ ಕಟ್ಟಿದ ಕಾಕತೀಯರ ಬೇರು ಈ ದಾನದಲ್ಲಿದೆ. ಆದರೆ ಇದೇ ವ್ಯವಸ್ಥೆಯ ದೋಷವೂ ಇಲ್ಲೇ ಇದೆ. ಸೇನೆಗಾಗಿ ನಾಡು ಕೊಟ್ಟರೆ, ನಾಡು ಪಡೆದವನಿಗೆ ಒಂದು ದಿನ ಸ್ವಂತ ಸೇನೆಯೂ ಸ್ವಂತ ಆಸೆಯೂ ಬೆಳೆಯುತ್ತದೆ. ನೂರೈವತ್ತು ವರ್ಷಗಳೊಳಗೆ ಚಾಲುಕ್ಯ ಸಾಮ್ರಾಜ್ಯವನ್ನು ಪಾಲು ಮಾಡಿಕೊಂಡವರು ಹೊಯ್ಸಳರು, ಸೇವುಣರು ಮತ್ತು ಕಾಕತೀಯರೇ. ಆಹವಮಲ್ಲನನ್ನು ಉಳಿಸಿದ ಕಂಬಗಳೇ ಅವನ ಮೊಮ್ಮಕ್ಕಳ ಮನೆಯನ್ನು ಹೊರಲು ಒಲ್ಲೆ ಎಂದವು.

ಮೂರನೆಯದು ತುಸು ಅಚ್ಚರಿಯ ಸಂಗತಿ. ಯುದ್ಧದ ನಡುವೆಯೂ ಊರಿನ ಕೆಲಸ ನಿಲ್ಲಲಿಲ್ಲ. 1049ರಲ್ಲಿ ಶ್ರೀಧರಾಚಾರ್ಯ ಕನ್ನಡದಲ್ಲಿ ಜಾತಕತಿಲಕ ಬರೆದ. ಜ್ಯೋತಿಷ್ಯದ ಶಾಸ್ತ್ರವನ್ನು ಕನ್ನಡಕ್ಕೆ ತಂದ ಮೊದಲ ಕೃತಿ ಅದು. ಸೂಡಿಯಲ್ಲಿ ಮಹಾಸಾಮಂತ ನಾಗದೇವ ಎರಡು ಶಿಖರಗಳ ಗುಡಿ ಕಟ್ಟಿಸಿದ; ಜೋಡುಕಳಸದ ಗುಡಿ ಎಂದು ಜನ ಇಂದಿಗೂ ಕರೆಯುವುದು ಅದನ್ನೇ. ಇನ್ನು ನಾಗಾವಿ. ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ಇರುವ ಈ ಊರಿನ 1058ರ ಶಾಸನ ಒಂದು ಘಟಿಕಾಸ್ಥಾನದ ವಿವರ ಕೊಡುತ್ತದೆ. ಅದಕ್ಕೆ ಆಸರೆಯಾದವನು ದಂಡನಾಯಕ ಮಧುಸೂದನ. ವೇದ ಓದುವ 200 ವಿದ್ಯಾರ್ಥಿಗಳಿಗೆ, ಶಾಸ್ತ್ರ ಓದುವವರಿಗೆ, ಕಲಿಸುವ ಗುರುಗಳಿಗೆ ಅನ್ನ, ವಸತಿ, ಭೂಮಿ ಗೊತ್ತುಮಾಡಿದ್ದಲ್ಲದೆ 6 ಮಂದಿ ಸರಸ್ವತೀ ಭಂಡಾರಿಗರನ್ನೂ ನೇಮಿಸಲಾಗಿತ್ತು. ಸರಸ್ವತೀ ಭಂಡಾರ ಎಂದರೆ ಗ್ರಂಥಾಲಯ. ಧಾರೆಯ ಸೂರೆಯನ್ನು ಕೊಂಡಾಡುವ ಶಾಸನವೂ ಇದೇ ನಾಗಾವಿಯದು. ಪುಸ್ತಕಪ್ರಿಯ ಭೋಜನ ನಗರವನ್ನು ಸುಟ್ಟ ದಂಡಿನವರೇ ತಮ್ಮ ಊರಿನಲ್ಲಿ ಪುಸ್ತಕ ಕಾಯಲು ಆರು ಜನರಿಗೆ ಜೀವನ ಗೊತ್ತುಮಾಡಿದರು. ಈ ವಿರೋಧಾಭಾಸವನ್ನು ಬಿಡಿಸಲಾಗದು. ಆ ಕಾಲದ ಸಿಪಾಯಿಯ ಮನಸ್ಸಿನಲ್ಲಿ ಎರಡಕ್ಕೂ ಜಾಗವಿತ್ತು ಎಂದಷ್ಟೇ ಒಪ್ಪಿಕೊಳ್ಳಬೇಕು.

ಬಾರದ ಯುದ್ಧ, ಬಂದ ಹೊಳೆ

1063ರಲ್ಲಿ ವೀರರಾಜೇಂದ್ರ ಚೋಳ ಪಟ್ಟಕ್ಕೆ ಬಂದ. ಕೂಡಲಸಂಗಮದಲ್ಲಿ ನಡೆದ ಯುದ್ಧದಲ್ಲಿ ಆಹವಮಲ್ಲನನ್ನೂ ಅವನ ಮಕ್ಕಳನ್ನೂ ಸೋಲಿಸಿದ್ದಾಗಿ ಅವನ ಶಾಸನಗಳು ಹೇಳುತ್ತವೆ. ಆ ಸೋಲಿನ ಅವಮಾನ ತಾಳಲಾರದೆ ಸೋಮೇಶ್ವರ ಮತ್ತೆ ಅದೇ ಕಡೆ ಯುದ್ಧಕ್ಕೆ ಬಾ ಎಂದು ಓಲೆ ಕಳಿಸಿದನಂತೆ. ವೀರರಾಜೇಂದ್ರ ಬಂದ, ಒಂದು ತಿಂಗಳು ಕಾದ. ಕರೆದವನೇ ಬರಲಿಲ್ಲ. ಚೋಳ ಪಡೆ ನಾಡನ್ನು ಸುಟ್ಟು, ತುಂಗಭದ್ರೆಯ ದಡದಲ್ಲಿ ಜಯಸ್ತಂಭ ನೆಟ್ಟು, ಆಹವಮಲ್ಲನ ಗೊಂಬೆ ಮಾಡಿ ಅಣಕಿಸಿ ಹಿಂದಿರುಗಿತು.

25 ವರ್ಷ ಕರೆಯದಿದ್ದರೂ ಯುದ್ಧಕ್ಕೆ ಹೋದವನು, ತಾನೇ ಕರೆದ ಯುದ್ಧಕ್ಕೆ ಯಾಕೆ ಬರಲಿಲ್ಲ? ಹೆದರಿದ ಎಂದಿತು ಚೋಳ ಶಾಸನ. ಬಿಲ್ಹಣ ಈ ಯುದ್ಧಗಳ ಮಾತನ್ನೇ ಎತ್ತದೆ ಬೇರೊಂದು ಸಂಗತಿ ಹೇಳುತ್ತಾನೆ. ಅರಸನಿಗೆ ವಾಸಿಯಾಗದ ಜ್ವರ ಹತ್ತಿತ್ತು. ವೈದ್ಯರು ಕೈಚೆಲ್ಲಿದರು. ಇನ್ನು ಉಳಿಯುವುದಿಲ್ಲವೆಂದು ಖಾತ್ರಿಯಾದಾಗ ಅವನು ದಕ್ಷಿಣದ ಗಂಗೆಯೆನಿಸಿದ ತುಂಗಭದ್ರೆಗೆ ಹೋಗಲು ನಿರ್ಧರಿಸಿದ. ಎರಡೂ ಹೇಳಿಕೆಗಳನ್ನು ಜೋಡಿಸಿ ನೋಡಿದರೆ, ಬಾರದ ಯುದ್ಧಕ್ಕೆ ಕಾರಣ ಹೆದರಿಕೆಯಲ್ಲ, ಕಾಯಿಲೆ ಎಂದು ಇತಿಹಾಸಕಾರರು ಊಹಿಸುವುದು ಸಹಜವಾಗಿದೆ.

1068ರ ಮಾರ್ಚ್ ಕೊನೆಯಲ್ಲಿ, ಕೀಲಕ ಸಂವತ್ಸರದ ಚೈತ್ರ ಬಹುಳ ಅಷ್ಟಮಿಯಂದು, ಕುರುವತ್ತಿಯಲ್ಲಿ ಸೋಮೇಶ್ವರ ತುಂಗಭದ್ರೆಗಿಳಿದ. ಶಾಸನ ಇದನ್ನು ಪರಮಯೋಗ ಎನ್ನುತ್ತದೆ. ಕೊರಳ ಮಟ್ಟದ ನೀರಿಗೆ ನಡೆದು, ಶಿವಧ್ಯಾನದಲ್ಲಿ ಮುಳುಗಿದ ಎಂದು ಬಿಲ್ಹಣ ವರ್ಣಿಸುತ್ತಾನೆ. ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಆ ಊರಿನಲ್ಲಿ ಮಲ್ಲಿಕಾರ್ಜುನನ ಗುಡಿ ಇದೆ. ಅದರ ಮದನಿಕೆಯರನ್ನು ನೋಡಲು ಬರುವವರು ಹೊಳೆಯ ದಡಕ್ಕೂ ಹೋಗಿಬರುತ್ತಾರೆ.

ಆ ಸಾವನ್ನು ಇಂದು ಹೇಗೆ ನೋಡಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ಅದನ್ನು ವೈಭವೀಕರಿಸಬೇಕಾಗಿಲ್ಲ, ಹೀಗಳೆಯಬೇಕಾಗಿಯೂ ಇಲ್ಲ. ಹಾಸಿಗೆ ಹಿಡಿದು ಸಾಯುವುದು ವೀರನಿಗೆ ಕುಂದು ಎಂದು ನಂಬಿದ, ಊರೂರಿಗೂ ವೀರಗಲ್ಲು ನೆಟ್ಟ ಕಾಲ ಅದು. ರಣದಲ್ಲಿ ಸಾವು ಸಿಗಲಿಲ್ಲ. ಹೊಳೆಯನ್ನು ಅವನೇ ಆರಿಸಿಕೊಂಡ.

ಲೆಕ್ಕ ತಲೆಕೆಳಗಾದ ಬಗೆ

ಸೋಮೇಶ್ವರ ಸತ್ತ ಎರಡು ವರ್ಷಕ್ಕೆ, 1070ರಲ್ಲಿ, ವೀರರಾಜೇಂದ್ರನೂ ಸತ್ತ. ಚೋಳ ಗದ್ದುಗೆಗೆ ಬಂದ ಅವನ ಮಗ ಬಹಳ ದಿನ ಉಳಿಯಲಿಲ್ಲ. ಆ ಜಾಗಕ್ಕೆ ಬಂದು ಕೂತವನು ಕುಲೋತ್ತುಂಗ. ಅವನು ಮತ್ತಾರೂ ಅಲ್ಲ, ವೇಂಗಿಯ ರಾಜರಾಜ ನರೇಂದ್ರನ ಮಗ. ವೇಂಗಿಯನ್ನು ಚೋಳರಿಂದ ಬಿಡಿಸಲು ಆಹವಮಲ್ಲ ಬದುಕಿಡೀ ಹೋರಾಡಿದ. ಕೊನೆಗೆ ವೇಂಗಿಯ ಹುಡುಗನೇ ಚೋಳ ಚಕ್ರವರ್ತಿಯಾದ. ಎರಡು ಪೀಳಿಗೆ ಸುರಿಸಿದ ರಕ್ತಕ್ಕೆ ಇತಿಹಾಸ ಕೊಟ್ಟ ಉತ್ತರ ಅದು.

ಕಲ್ಯಾಣದಲ್ಲೂ ಅಣ್ಣತಮ್ಮಂದಿರ ಜಗಳ ಹತ್ತಿತು. ಇಮ್ಮಡಿ ಸೋಮೇಶ್ವರನನ್ನು ಕೆಳಗಿಳಿಸಿ 1076ರಲ್ಲಿ ವಿಕ್ರಮಾದಿತ್ಯ ಪಟ್ಟವೇರಿದ. ತಂದೆ ನನ್ನನ್ನೇ ಯುವರಾಜನಾಗೆಂದರೂ ಅಣ್ಣನಿಗಾಗಿ ಬಿಟ್ಟುಕೊಟ್ಟ ಎಂದು ಬಿಲ್ಹಣನ ಕಾವ್ಯ ಅವನ ಬಗ್ಗೆ ಹೇಳುತ್ತದೆ. ಗೆದ್ದ ತಮ್ಮನ ಆಸ್ಥಾನದಲ್ಲಿ ಕೂತು ಬರೆದ ಕಾವ್ಯ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಅದೇನಿದ್ದರೂ ವಿಕ್ರಮಾದಿತ್ಯ 50 ವರ್ಷ ಆಳಿದ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದದ್ದು ಕಲ್ಯಾಣದಲ್ಲಿ. ಮತ್ತೂ ಒಂದು ಪೀಳಿಗೆ ಕಳೆದು ಬಿಜ್ಜಳನ ಕಾಲಕ್ಕೆ ಬಸವಣ್ಣ ಬಂದು, ಅಕ್ಕ, ಅಲ್ಲಮರು ಬಂದು, ಕಾಯಕದ ಜನ ಬಂದು ಸೇರಿದ್ದೂ ಅದೇ ಊರಿಗೆ.

ಆಹವಮಲ್ಲನ ಜಯಸ್ತಂಭಗಳಲ್ಲಿ ಯಾವುದೂ ಇಂದು ಜನರ ಬಾಯಲ್ಲಿಲ್ಲ. ಅವನು ಕಳೆದುಕೊಂಡ ದ್ವಾರಪಾಲಕ ತಂಜಾವೂರಿನಲ್ಲೇ ನಿಂತಿದ್ದಾನೆ. ಆದರೆ ಸುಟ್ಟ ಊರನ್ನು ಬಿಟ್ಟು ಇನ್ನೊಂದು ನೆಲೆವೀಡಿಗೆ ಹೋಗುವ ಸುಲಭದ ದಾರಿ ಎದುರಿಗಿದ್ದಾಗ ಅವನು ಕಲ್ಯಾಣವನ್ನು ಬಿಡಲಿಲ್ಲ, ಮತ್ತೆ ಕಟ್ಟಿದ. ಅವನ ಅಪ್ಪನಿಗೆ ಪೊಟ್ಟಳಕೆರೆ, ಕೊಳ್ಳಿಪಾಕೆಗಳಂತೆ ಹತ್ತರಲ್ಲಿ ಒಂದು ಬೀಡಾಗಿದ್ದ ಊರು, ಅವನ ನಂತರ ಕನ್ನಡಿಗರಿಗೆ ಒಂದು ಹೆಸರಾಗಿ ಉಳಿಯಿತು.